ಗಾಡಿಮನೆಯ ಎಂಸಿಬಿ

ಜಯಕ್ಕನ ಮನೆಗೆ ಚಕ್ರ ಬಂದು ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಮನೆಯೆಂದರೆ ಒಂದು ಗುಡಾರ, ಮೂರು ಕಲ್ಲಿನ ಒಲೆ, ಸಾಮಾನು ಹೊರಲು ಎರಡು ಕತ್ತೆ. ಕುರಿ ನಿಂತಲ್ಲಿ ಗುಡಾರ ನಿಲ್ಲುತ್ತಿತ್ತು, ಕುರಿ ಎದ್ದರೆ ಗುಡಾರವೂ ಏಳುತ್ತಿತ್ತು. ಈಗ ಮಗ ರಂಗೇಶ್ ಯಾವುದೋ ಕಾಲೇಜಿನವರು ಮೂಲೆಗೆ ತಳ್ಳಿದ್ದ ಮಿನಿಬಸ್ಸನ್ನು ತಂದು, ಸೀಟುಗಳನ್ನೆಲ್ಲ ಕೀಳಿಸಿ, ಎರಡು ಮಂಚ, ಒಂದು ಅಡಿಗೆ ಕಟ್ಟೆ, ಫ್ಯಾನು, ಕುರಿ ಔಷಧಿ ಇಡಲು ಒಂದು ಸಣ್ಣ ಫ್ರಿಜ್ಜು ಕೂಡಿಸಿದ್ದ. ಶ್ರೀರಾಂಪುರದ ಕಡೆಯವರು ಅದಕ್ಕೆ ಗಾಡಿಮನೆ ಎಂದು ಹೆಸರಿಟ್ಟರು. ಹೊಸ ಊರುಗಳಲ್ಲಿ ಹುಡುಗರು ಐಸ್‌ಕ್ರೀಂ ಗಾಡಿಯೆಂದುಕೊಂಡು ಹಿಂದೆ ಓಡಿ ಬಂದದ್ದೂ ಉಂಟು.

ಜಯಕ್ಕನ ಗಂಡ ಚಿತ್ತಯ್ಯ ಮಾತ್ರ ಆ ಗಾಡಿಯೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಕುರಿಯ ಜೊತೆ ನಡೆಯುವುದು, ಕುರಿಯ ಜೊತೆ ಮಲಗುವುದು, ಹಿಂಬಾಗಿಲ ಹತ್ತಿರ ನೆಲದ ಮೇಲೆ ಕುಂತು ಮುದ್ದೆ ಉಣ್ಣುವುದು. "ಬಸ್ಸು ಹತ್ತಿದ್ರೆ ಟಿಕೀಟು ಕೇಳ್ತಾರೆ" ಎಂದು ನಗುತ್ತಿದ್ದ. ಸೊಸೆ ಮೀನಾಕ್ಷಿಯ ಜೊತೆ ಅವನು ನೇರವಾಗಿ ಮಾತಾಡಿದವನೂ ಅಲ್ಲ. ಅವರ ಹಟ್ಟಿಯಲ್ಲಿ ಮಾವನಾದವನು ಸೊಸೆಯ ಮುಖ ನೋಡಿ ಮಾತಾಡುವ ಪದ್ಧತಿಯಿಲ್ಲ. ಹೇಳುವುದಿದ್ದರೆ ಹೆಂಡತಿಯ ಮೂಲಕ, ಮೊಮ್ಮಗಳು ಮಾನಸ ಇದ್ದರೆ ಅವಳ ಮೂಲಕ. ಬೇಸಿಗೆ ರಜೆಗೆ ಹಾಸ್ಟೆಲಿನಿಂದ ಬಂದಿದ್ದ ಮಾನಸಳಿಗೆ ಈ ಅಂಚೆ ಕೆಲಸ ರೂಢಿಯಾಗಿತ್ತು.

ಹೊಳಲ್ಕೆರೆ ಬಳಿ ಮುರುಗಪ್ಪನವರ ತೆಂಗಿನ ತೋಟದಲ್ಲಿ ಆ ಸಲ ಮಂದೆ ನಿಂತಿತ್ತು. ಕುರಿ ಗೊಬ್ಬರ ಬೀಳಲಿ ಎಂದು ತೋಟದವರು ಮಂದೆಯನ್ನು ಕರೆದು ನಿಲ್ಲಿಸಿಕೊಳ್ಳುತ್ತಾರೆ. ರಾಗಿ ಕೊಡುತ್ತಾರೆ, ಪಂಪ್‌ಸೆಟ್ಟಿನ ಮನೆಯಿಂದ ಒಂದು ವೈರು ಎಳೆದುಕೊಳ್ಳಲು ಬಿಡುತ್ತಾರೆ. ಆ ವೈರು ಗಾಡಿಯ ಹಿಂಬಾಗಿಲ ಪಕ್ಕದ ಡಬ್ಬಿಗೆ ಬರುತ್ತದೆ. ಡಬ್ಬಿಯೊಳಗಿನದು ಎಂಸಿಬಿ. ಕರೆಂಟು ಹೆಚ್ಚಾದರೆ, ಇಲ್ಲವೇ ತಾನೇ ಕಾದರೆ, ಟಕ್ಕೆಂದು ಕೆಳಗೆ ಬಿದ್ದು ಇಡೀ ಗಾಡಿಯ ಕರೆಂಟು ಕಡಿಯುವ ಸಣ್ಣ ಗುಂಡಿ. ಆ ಡಬ್ಬಿ ಸರಿಯಾಗಿ ಜಯಕ್ಕನ ಮಂಚದ ತಲೆದೆಸೆಗಿತ್ತು.

ಸಂಜೆ ಮೀನಾಕ್ಷಿ ಕರೆಂಟ್ ಒಲೆಯ ಮೇಲೆ ಹುರುಳಿ ಸಾರಿಗೆ ಇಟ್ಟಿದ್ದಳು. ಸಾರು ಒಂದು ಕುದಿ ಬಂತು, ಟಕ್ಕೆಂದು ಎಲ್ಲ ಆರಿತು.

"ಏನಾತು?" ಎಂದಳು ಜಯಕ್ಕ.

ರಂಗೇಶ್ ಹೊರಗಿಂದ ಕೈ ಚಾಚಿ ಡಬ್ಬಿ ಮುಟ್ಟಿ, ಕೈ ಕೊಡವಿಕೊಂಡ. "ಅಬ್ಬಾ, ಹೆಂಚಿನಂಗೆ ಕಾದೈತೆ. ಮೀನಾ, ಆ ಒಲೆ ಆರಿಸು ಮೊದ್ಲು."

"ಅದೇ ಆರೈತಲ್ಲ, ಇನ್ನೇನು ಆರಿಸ್ಲಿ?"

"ಒಲೆ ಲೋಡು ಜಾಸ್ತಿ. ಇನ್ಮೇಲೆ ಅದನ್ನ ಹಚ್ಚಬ್ಯಾಡ."

"ಎರಡು ವರ್ಷ ಆಗದಿದ್ದ ಲೋಡು ಇವತ್ತು ಆತಾ? ನೀವು ಕಾಯಿಲ್ ಹಾಕಿ ಬಕೀಟು ನೀರು ಕಾಯಿಸ್ತೀರಲ್ಲ, ಅದೇನು ಗಾಳಿ ಕುಡಿತೈತಾ?"

ತಾಯಿ ಸತ್ತ ಮರಿಗಳಿಗೆ ಪುಡಿ ಹಾಲು ಕಲಸಲು ಬಿಸಿನೀರು ಬೇಕಿತ್ತು. ಹಾಗಾಗಿ ರಂಗೇಶನ ಪ್ರಕಾರ ಕಾಯಿಲ್ ಕಸುಬಿನ ಸಾಮಾನು, ಒಲೆ ಶೋಕಿಯ ಸಾಮಾನು. ಒಲೆ ಬಂದದ್ದಾದರೂ ಶೋಕಿಗಲ್ಲ. ದಾರಿಯಲ್ಲಿ ಗ್ಯಾಸ್ ಮುಗಿದರೆ ಸಿಲಿಂಡರ್ ಬದಲಿಸಲು ವಾಪಸ್ಸು ಊರಿಗೇ ಹೋಗಬೇಕಾಗಿತ್ತು. ಅದನ್ನು ನೋಡಲಾರದೆ ಮೀನಾಕ್ಷಿಯ ಅಪ್ಪ ಬಬ್ಬೂರಿನಿಂದ ಕೊಟ್ಟು ಕಳಿಸಿದ್ದ ಒಲೆ ಅದು.

ಹೊರಗೆ ನೆಲದ ಮೇಲೆ ಕುಂತಿದ್ದ ಚಿತ್ತಯ್ಯ ಮೊಮ್ಮಗಳನ್ನು ಕರೆದ. "ನಿಮ್ಮವ್ವಗೆ ಹೇಳು, ಮೂರು ಕಲ್ಲಿನ ಒಲೆಗೆ ಈ ರೋಗ ಇಲ್ಲ."

ಮಾನಸ ಬಾಯಿ ತೆರೆಯುವುದರೊಳಗೆ ಒಳಗಿಂದ ಉತ್ತರ ಬಂತು. "ನಿಮ್ಮ ತಾತಗೆ ಹೇಳು, ಹೊಗೆ ಕುಡಿಯೋರು ನಾವು, ಮುದ್ದೆ ಉಣ್ಣೋರು ಅವರು."

ಜಯಕ್ಕನಿಗೆ ನಗು ಬಂತು, ತಡೆದುಕೊಂಡಳು. ಸೊಸೆ ಹೇಳಿದ್ದು ಸುಳ್ಳೇನಲ್ಲ. ಮೂರು ಕಲ್ಲಿನ ಮುಂದೆ ಕುಂತು ಕುಂತು ಜಯಕ್ಕನ ಕಣ್ಣೇ ಅರ್ಧ ಹೋಗಿತ್ತು. ಆದರೂ ಆ ಹೊಗೆಯ ವಾಸನೆ ಬಂದರೆ ಅವಳ ಜೀವ ಎಲ್ಲೆಲ್ಲಿಗೋ ಹೋಗುತ್ತಿತ್ತು. ಆಗ ಐದು ಗುಡಾರ ಒಟ್ಟಿಗೆ ಸಾಗುತ್ತಿದ್ದವು. ಮೈದುನಂದಿರು, ವಾರಗಿತ್ತಿಯರು, ಐದು ಒಲೆಯ ಹೊಗೆ. ಒಂದು ಗುಡಾರದ ಸಾರು ಇನ್ನೊಂದಕ್ಕೆ, ಅಲ್ಲಿಯ ಚಟ್ನಿ ಇಲ್ಲಿಗೆ. ಸೊಪ್ಪು ಸೋಸುತ್ತ ಅವರಾಡಿದ ಗಂಡಂದಿರ ಚಾಡಿಯೆಲ್ಲ ಬರೆದಿಟ್ಟಿದ್ದರೆ ಗಾಡಿಮನೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬರೇ ಇಳಿದುಹೋದರು. ಒಬ್ಬಳು ಮಕ್ಕಳ ಇಸ್ಕೂಲೆಂದಳು, ಇನ್ನಿಬ್ಬರು ಅತ್ತೆಯ ಬಾಯಿ ತಾಳಲಾರೆವು ಎಂದರು, ಮತ್ತೊಬ್ಬಳು ಏನೂ ಹೇಳದೆ ಹೋದಳು. ಯಾವ ಗುಡಾರವೂ ದೊಡ್ಡ ಜಗಳಕ್ಕೆ ಬಿಚ್ಚಿದ್ದಲ್ಲ ಎಂಬುದು ಜಯಕ್ಕನಿಗೆ ಚೆನ್ನಾಗಿ ನೆನಪಿತ್ತು. ಎಲ್ಲವೂ ಇಂಥ ಉಪ್ಪು ಖಾರದ ಮಾತಿಗೇ ಬಿಚ್ಚಿಕೊಂಡವು.

ಒಲೆ ನಿಂತಿತು. ವಾರವಿಡೀ ಮೀನಾಕ್ಷಿ ತೆಂಗಿನ ಗರಿ ಉರಿಸಿ ಅಡಿಗೆ ಮಾಡಿದಳು. ಅವಳು ಕೆಮ್ಮಿದಾಗಲೆಲ್ಲ ಪಾತ್ರೆಗಳೂ ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿದ್ದವು. ಇಷ್ಟಾಗಿಯೂ ಎಂಸಿಬಿ ಕಾಯುವುದು ಬಿಡಲಿಲ್ಲ. ಕಾಯಿಲ್ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಟಕ್.

"ಈಗೇನಂತೀರಿ?" ಎಂದಳು ಮೀನಾಕ್ಷಿ. "ಒಲೆ ಕಟ್ಟೆ ಮೇಲೆ ತಣ್ಣಗೆ ಕುಂತೈತೆ."

"ಒಲೆ ಹಚ್ಚಿ ಹಚ್ಚಿ ಅದು ಮೊದ್ಲೇ ಕೆಟ್ಟೈತೆ" ಎಂದ ರಂಗೇಶ್. ಸೋಲುವ ಗಂಡಸಿಗೆ ಇಂಥ ಮಾತು ಎಲ್ಲಿಂದಲೋ ಒದಗಿ ಬರುತ್ತದೆ.

ಮಂದೆ ಅಲ್ಲಿಂದ ಎದ್ದು ಹೊಸದುರ್ಗದ ಕಡೆ ಬಂದಾಗ ರಂಗೇಶ್ ಗಾಡಿಯನ್ನು ಪೇಟೆಯ ಕಲ್ಲೇಶನ ಅಂಗಡಿ ಮುಂದೆ ನಿಲ್ಲಿಸಿದ. ಕಲ್ಲೇಶ್ ಮೋಟಾರು ಸುತ್ತುವವನು, ವೈರಿಂಗಿಗೂ ಅವನೇ. ಡಬ್ಬಿಯ ಮುಚ್ಚಳ ಬಿಚ್ಚಿ, ಒಳಗಿದ್ದ ಒಂದಿಷ್ಟು ಉಣ್ಣೆಯನ್ನು ಕಿತ್ತು ಎಸೆದು ಫೂ ಎಂದು ಊದಿದ.

"ಏನಪ್ಪ ರಂಗೇಶ್, ಇದರಲ್ಲೂ ಕುರಿ ಕಟ್ಟೀಯಾ?"

"ಕುರಿಯೋರ ಗಾಡಿ ಕಣಣ್ಣ. ಸಾರಲ್ಲೂ ಉಣ್ಣೆ ಸಿಗ್ತೈತೆ, ಅನ್ನದಲ್ಲೂ ಸಿಗ್ತೈತೆ."

"ಎಂಸಿಬಿ ಸುಟ್ಟೈತೆ, ಬೇರೆ ಹಾಕ್ತೀನಿ. ನೋಡು, ಒಲೆನೂ ಕಾಯಿಲೂ ಒಟ್ಟಿಗೆ ಹಾಕಬ್ಯಾಡ. ಒಂದಾದ ಮೇಲೆ ಒಂದು ಹಾಕಿದ್ರೆ ಇದು ತಡಿತೈತೆ. ಇನ್ನೊಂದು, ಮನೆ ಗೋಡೆ ಅಲ್ಲಾಡಲ್ಲ, ನಿನ್ನ ಮನೆ ಅಲ್ಲಾಡ್ತೈತೆ. ಕೆಟ್ಟ ರೋಡಲ್ಲಿ ಹೋಗಿ ಬಂದಾಗೆಲ್ಲ ಪ್ಲಗ್ ಕಿತ್ತು ಈ ಸ್ಕ್ರೂ ಒಂದು ಸುತ್ತು ಬಿಗಿ ಮಾಡ್ಕ. ವೈರು ಸಡಿಲ ಆದ್ರೆ ಅಲ್ಲೇ ಕಾಯೋದು."

"ಹ್ಞೂಂ ಹ್ಞೂಂ" ಎಂದ ರಂಗೇಶ್. ಅವನ ಕಣ್ಣು ಎದುರಿನ ಮೆಣಸಿನಕಾಯಿ ಬಜ್ಜಿಯ ಬಾಣಲೆಯ ಮೇಲಿತ್ತು.

ನಾಲ್ಕು ದಿನ ಗಾಡಿಮನೆಯಲ್ಲಿ ಹಬ್ಬ. ಮೀನಾಕ್ಷಿ ಒಲೆ ಒರೆಸಿ ಹಚ್ಚಿದಳು. ಮಂಡಕ್ಕಿ ಒಗ್ಗರಣೆ ಹಾಕಿದಳು, ಶೇಂಗಾ ಹುರಿದಳು, ಅತ್ತೆಗೆ ಎರಡೆರಡು ಸಲ ಟೀ ಕಾಸಿದಳು. ರಂಗೇಶ್ ಅವಳು ಕೇಳದಿದ್ದರೂ ತೊಟ್ಟಿಯಿಂದ ನೀರು ತಂದಿಟ್ಟ. ಗಂಡ ಹೆಂಡತಿ ಬಾಗಿಲಲ್ಲಿ ಕುಂತು ಒಂದೇ ತಟ್ಟೆಯ ಮಂಡಕ್ಕಿಗೆ ಕೈ ಹಾಕಿದ್ದನ್ನು ನೋಡಿ ಜಯಕ್ಕ ಕಾಣದವಳಂತೆ ಆ ಕಡೆ ತಿರುಗಿ ಕುಂತಳು.

ಮುಂದಿನ ಬಿಡಾರ ಹಿರಿಯೂರಿನ ದಾರಿಯಲ್ಲಿತ್ತು. ಅಲ್ಲಿಗೆ ಹೋಗುವ ರೋಡನ್ನು ಅಗೆದು ಹಾಕಿದ್ದರು. ಗಾಡಿ ಮೂರು ಗಂಟೆ ಕುಣಿಯಿತು. ಜಯಕ್ಕನ ತಲೆದೆಸೆಯಲ್ಲಿ ಹಳೆಯ ಸದ್ದು ಮತ್ತೆ ಶುರುವಾಯಿತು. ಟಿಕ್, ಟಿಕ್, ಟಿಕ್. ಹೊಳಲ್ಕೆರೆಗೆ ಹೋಗುವಾಗಲೂ ಇದೇ ಸದ್ದಿತ್ತು, ಆಮೇಲೆ ತಾನೇ ನಿಂತುಹೋಗಿತ್ತು. ಸಂಜೆ ಕುರಿ ಹೊಡೆದುಕೊಂಡು ಬಂದ ಚಿತ್ತಯ್ಯ ಹಿಂಬಾಗಿಲಿಗೆ ಆತು ನಿಂತ.

"ದಾರೀಲಿ ಒಂಚೂರು ಮಲಗಿದ್ಯಾ?"

"ಎಲ್ಲಿ ಮಲಗೋದು? ತಲೆ ಹತ್ರ ಅದೇನೋ ಟಿಕ್ ಟಿಕ್ ಅಂತೈತೆ. ತಲೆಗೆ ಮೊಳೆ ಹೊಡ್ದಂಗೆ."

"ಹೂಂ" ಎಂದ ಚಿತ್ತಯ್ಯ. ತಂಬಿಗೆ ನೀರು ಕುಡಿದು ಕುರಿಯ ಕಡೆ ಹೋದ.

ಆ ಬಿಡಾರದಿಂದ ಹೊರಟಾಗ ಸದ್ದಿರಲಿಲ್ಲ. ಜಯಕ್ಕ ಹಾಯಾಗಿ ಮಲಗಿದಳು. ಯಂತ್ರಕ್ಕೂ ಮನುಷ್ಯರ ಹಾಗೆ ಒಂದು ದಿನ ಕಾಯಿಲೆ, ಒಂದು ದಿನ ಗುಣ ಇರಬಹುದು ಎಂದುಕೊಂಡಳು.

ಹಿರಿಯೂರು ಇನ್ನೂ ದೂರವಿರುವಾಗಲೇ ಅನಾಹುತವಾಯಿತು. ಗಾಡಿಯನ್ನು ಒಂದು ಕಣದಲ್ಲಿ ನಿಲ್ಲಿಸಿ, ವೈರು ಹಾಕಿ, ಎಲ್ಲರೂ ಮರಿಗಳಿಗೆ ಔಷಧಿ ಕುಡಿಸಲು ಹೋಗಿದ್ದರು. ಹೋಗುವ ಮುಂಚೆ ಮೀನಾಕ್ಷಿ ಅವರೆಕಾಳು ಬೇಯಿಸಿಟ್ಟಿದ್ದಳು. ಬಂದು ನೋಡಿದರೆ ಎಂಸಿಬಿ ಬಿದ್ದು ಎಷ್ಟು ಹೊತ್ತಾಗಿತ್ತೋ, ಫ್ರಿಜ್ಜು ಬೆಚ್ಚಗಾಗಿತ್ತು. ಕುರಿಗೆ ಬೇನೆ ಬರದಂತೆ ಚುಚ್ಚಬೇಕಾದ ಲಸಿಕೆಯ ಬಾಟಲಿಗಳು ಬೆವರುತ್ತಿದ್ದವು. ಆ ಬೇನೆ ಬಂದರೆ ಒಂದೊಂದು ದಿನ ಒಂದೊಂದು ಸಾಲು ಕುರಿ ಮಲಗುತ್ತದೆ ಎಂಬುದನ್ನು ರಂಗೇಶ್ ಕಂಡವನು. ಅವನ ಮುಖ ಕೆಂಪಾಯಿತು.

"ಬ್ಯಾಡ ಬ್ಯಾಡ ಅಂದ್ರೂ ಹಚ್ತೀಯಲ್ಲ! ನೋಡಿಲ್ಲಿ, ಎಲ್ಲ ಹಾಳಾತು!"

"ಕಲ್ಲೇಶಣ್ಣನೇ ಹಚ್ರಿ ಅಂದಿದ್ದು. ನೀವೂ ಅಲ್ಲೇ ಇದ್ರಿ."

"ಕಲ್ಲೇಶಗೆ ಕುರಿ ಅದಾವಾ?"

ರಂಗೇಶ್ ಒಲೆಯನ್ನು ಎತ್ತಿಕೊಂಡು ಹೋಗಿ, ಏಣಿ ಹತ್ತಿ, ಗಾಡಿಯ ತಲೆಯ ಮೇಲೆ ರಾತ್ರಿ ಕುರಿ ಕೂಡುವ ಬಲೆಯ ಗಂಟಿನ ಜೊತೆ ಹಗ್ಗ ಹಾಕಿ ಬಿಗಿದ. ಚಿತ್ತಯ್ಯ ದೂರದಿಂದ ಮೊಮ್ಮಗಳನ್ನು ಕೂಗಿದ. "ನಿಮ್ಮವ್ವಗೆ ಹೇಳು, ಈಗಾದ್ರೂ ಬುದ್ಧಿ..."

ಮಾನಸ ಕಿವಿ ಮುಚ್ಚಿಕೊಂಡಳು. "ನಾನು ಯಾರಿಗೂ ಏನೂ ಹೇಳಲ್ಲ!"

ಮೀನಾಕ್ಷಿ ಅಳಲಿಲ್ಲ. ಅತ್ತಿದ್ದರೆ ಜಯಕ್ಕನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಸೊಸೆ ಒಳಗೆ ಹೋಗಿ ತನ್ನ ಎರಡು ಸೀರೆ, ಮಗಳ ಲಂಗ, ಬಾಚಣಿಗೆ, ಎಣ್ಣೆ ಬಾಟಲಿ ಒಂದೊಂದಾಗಿ ಬ್ಯಾಗಿಗೆ ತುಂಬಿದಳು.

"ನಾಳೆ ಬಬ್ಬೂರು ಸಿಗ್ತೈತಲ್ಲ, ಅಲ್ಲಿ ನಮ್ಮಿಬ್ರನ್ನ ಇಳಿಸ್ರಿ. ಅಪ್ಪನ ಮನೇಲಿ ಇರ್ತೀವಿ. ಸಾರು ಕುದಿಸಿದ್ದಕ್ಕೆ ಕಳ್ಳಿ ಹಂಗೆ ಮಾತು ಕೇಳೋಕೆ ನನ್ನ ಕೈಲಿ ಆಗಲ್ಲ ಅತ್ತೆ."

"ಎಷ್ಟು ದಿನಕ್ಕೆ?" ಎಂದಳು ಜಯಕ್ಕ.

ಮೀನಾಕ್ಷಿ ಬ್ಯಾಗಿನ ಜಿಪ್ಪು ಎಳೆದಳು. ಏನೂ ಹೇಳದೆ ಹೋದ ಆ ವಾರಗಿತ್ತಿ ಜಯಕ್ಕನ ಕಣ್ಣ ಮುಂದೆ ಬಂದಳು. ಅವಳೂ ನಾಲ್ಕು ದಿನದಲ್ಲಿ ಬರುತ್ತಾಳೆಂದುಕೊಂಡಿದ್ದರು, ಬರಲಿಲ್ಲ. ಐದರಲ್ಲಿ ಉಳಿದದ್ದು ಇದೊಂದು ಮನೆ. ಇದೂ ಬಿಚ್ಚಿದರೆ ಮುದ್ದೆ ತೊಳಸಿ ಯಾರ ತಟ್ಟೆಗೆ ಹಾಕಲಿ ಎಂದುಕೊಂಡಳು. ಮಗನಿಗೆ ಹೇಳಿದಳು, ಅವನು ಮರಿಗಳ ಕಡೆ ನಡೆದ. ಗಂಡನಿಗೆ ಹೇಳಿದಳು, "ಸೊಸೆ ವಿಚಾರ, ನಾನೇನು ಮಾತಾಡ್ಲಿ" ಎಂದು ಅವನು ಕಂಬಳಿ ಕೊಡವಿದ.

ಮಾರನೆಯ ದಿನ ಬಬ್ಬೂರಿಗೆ ಸ್ವಲ್ಪ ಈಚೆ, ಬೇವಿನ ಮರದ ಹತ್ತಿರ ಗಾಡಿ ನಿಂತಿತು. ಮರಿಗಳಿಗೆ ಹಾಲಿನ ಹೊತ್ತಾಗಿತ್ತು. ಪಕ್ಕದ ಹೊಲದವರನ್ನು ಕೇಳಿ ರಂಗೇಶ್ ವೈರು ಹಾಕಿಕೊಂಡು ಬಕೀಟಿಗೆ ಕಾಯಿಲ್ ಇಳಿಸಿದ. ಮೀನಾಕ್ಷಿ ಆಗಲೇ ಬ್ಯಾಗಿನ ಜೊತೆ ಇಳಿದು ಮರದ ಬುಡದಲ್ಲಿ ಕುಂತಿದ್ದಳು. ಇಲ್ಲಿಂದ ಆಚೆಗೆ ಬಸ್ಸಿಗೇ ಹೋಗುತ್ತೇನೆ ಎಂಬ ಹಟ.

ಮಂಚದ ಮೇಲೆ ಅಡ್ಡಾಗಿದ್ದ ಜಯಕ್ಕನ ಮೂಗಿಗೆ ಒಂದು ವಾಸನೆ ಬಡಿಯಿತು. ಪ್ಲಾಸ್ಟಿಕ್ಕಿನದಲ್ಲ, ವೈರಿನದೂ ಅಲ್ಲ. ಕುರಿಯ ತಲೆ ಸುಡುವಾಗ ಏಳುವ ವಾಸನೆ. ಗಾಡಿಯೊಳಗೆ ಯಾರು ತಲೆ ಸುಡುತ್ತಾರೆ?

"ರಂಗಾ! ವೈರು ಕೀಳೋ! ಇಲ್ಲಿ ಉಣ್ಣೆ ಸುಡ್ತೈತೆ!"

ರಂಗೇಶ್ ಓಡಿಹೋಗಿ ಪ್ಲಗ್ ಕಿತ್ತು ಬಂದು ಡಬ್ಬಿ ಬಿಚ್ಚಿದ. ಎಂಸಿಬಿಯ ಹಿಂದೆ ಸಂದಿಯಲ್ಲಿ ಏನೋ ಇತ್ತು. ಸ್ಕ್ರೂಡ್ರೈವರಿನ ತುದಿಯಿಂದ ಎಳೆದ. ಕಿರುಬೆರಳ ದಪ್ಪದ ಕರಿಯುಣ್ಣೆಯ ಹುರಿ. ಒಂದು ಪಕ್ಕ ಕೆಂಪಗೆ ಕಂದಿ ಹೊಗೆಯಾಡುತ್ತಿತ್ತು.

"ಇದು ಹಾರಿ ಬಂದು ಕುಂತಿದ್ದಲ್ಲ, ಯಾರೋ ತುರುಕ್ಯಾರೆ" ಎಂದವನೇ ಮಗಳ ಕಡೆ ತಿರುಗಿದ. "ಲೇ ಮಾನಸ, ನೀನಾ?"

ಮರದ ಬುಡದಿಂದ ಮೀನಾಕ್ಷಿ ಎದ್ದು ನಿಂತಳು. "ನನ್ನ ಮುಗಿಸಿದ್ರಿ, ಈಗ ಮಗೀನ ಮೇಲೆ ಬಂದ್ರಾ? ಬಾ ಮಾನಸ, ಬಸ್ಸು ಬರೋ ಹೊತ್ತಾತು."

"ತಡಿಯವ್ವ" ಎಂದಳು ಜಯಕ್ಕ. ಹುರಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಎಂಜಲು ಹಚ್ಚಿ ಎಡಕ್ಕೆ ಹೊಸೆದ ಹುರಿ, ತುದಿಗೊಂದು ಗಂಟು. ಲೋಕದ ಕುರಿಯವರೆಲ್ಲ ಬಲಕ್ಕೆ ಹೊಸೆದರೆ ಎಡಕ್ಕೆ ಹೊಸೆಯುವ ಮನುಷ್ಯ ಒಬ್ಬನೇ. ಅವಳಿಗೆ ಹಿರಿಯೂರಿನ ಕಾಲುವೆ ದಂಡೆ ನೆನಪಾಯಿತು, ಅಲ್ಲಿ ಹಾಕಿದ ಗುಡಾರ, ಗುಡಾರದಲ್ಲಿ ಹುಟ್ಟಿದ ಈ ರಂಗೇಶ್. ಬಾಣಂತಿಗೆ ಜ್ವರ ಬಂದು ಕಣ್ಣು ಮುಚ್ಚಿದರೆ ಸಾಕು, ಮುಂದಾಳು ಟಗರಿನ ಕೊರಳ ಗಂಟೆ ಎಬ್ಬಿಸುತ್ತಿತ್ತು. ಒಂದು ದಿನ ಗಂಟೆಯ ಸದ್ದೇ ನಿಂತಿತು. ಅವಳು ಕಣ್ತುಂಬ ನಿದ್ದೆ ಮಾಡಿದಳು. ಗಂಟೆಯೊಳಗೆ ಇಂಥದೇ ಹುರಿ ತುರುಕಿದ್ದ ಚಿತ್ತಯ್ಯ. ಸದ್ದಿಲ್ಲದ ಟಗರು ಅರ್ಧ ಮಂದೆಯನ್ನು ಯಾರದೋ ಶೇಂಗಾ ಹೊಲಕ್ಕೆ ನುಗ್ಗಿಸಿತು. ಅವನಪ್ಪ ಎಲ್ಲರೆದುರು ಕೋಲು ಬೀಸಿದರೂ ಯಾಕೆ ತುರುಕಿದೆ ಎಂದು ಅವನು ಬಾಯಿ ಬಿಟ್ಟಿರಲಿಲ್ಲ. ಇದನ್ನೆಲ್ಲ ತಾನು ಹೇಗೆ ಮರೆತೆ ಎಂದು ಜಯಕ್ಕನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಮಂದೆ ಬಂತು. ಆಳು ಪಾಲಣ್ಣ ಕುರಿಯನ್ನು ನೆರಳಿಗೆ ತಿರುಗಿಸಿದ. ಚಿತ್ತಯ್ಯ ನೀರಿಗೆಂದು ಹಿಂಬಾಗಿಲಿಗೆ ಬಂದವನು ಹೆಂಡತಿಯ ಅಂಗೈ ನೋಡಿದ.

"ಅದನ್ಯಾಕೆ ಕಿತ್ರಿ?" ಎಂದ. "ಕಿತ್ರೆ ಸದ್ದು ಮಾಡ್ತೈತೆ. ಇವಳಿಗೆ ನಿದ್ದೆ ಬರಲ್ಲ."

ರಂಗೇಶ್ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಅಪ್ಪನ ಕಡೆ ತಿರುಗಿದ.

"ಹೊಸದುರ್ಗದಲ್ಲಿ ಯಾರೋ ಕಿತ್ತಿದ್ರು. ಮತ್ತೆ ಹೊಸೆದು ಇಟ್ಟಿದ್ದೆ" ಎಂದ ಚಿತ್ತಯ್ಯ.

"ಅಪ್ಪಾ" ಎಂದ ರಂಗೇಶ್, "ಆ ಸದ್ದು ಬರ್ತಿದ್ದುದೇ ಸ್ಕ್ರೂ ಸಡಿಲ ಆಗಿದ್ದಕ್ಕೆ. ನೀನು ಸದ್ದು ಮುಚ್ಚಿದೆ, ಒಳಗೆ ಕಾದು ಕಾದು ಬಿದ್ದೈತೆ. ಈಗ ಉಣ್ಣೆ ಹತ್ಕಂಡಿತ್ತು. ಅವ್ವ ಒಳಗೇ ಮಲಗಿದ್ಲು."

ಚಿತ್ತಯ್ಯ ಕಂದಿದ ಹುರಿಯನ್ನು ನೋಡಿದ. ಹೆಂಡತಿಯ ದಿಂಬನ್ನು ನೋಡಿದ. ಕೋಲನ್ನು ಗಾಡಿಗೆ ಒರಗಿಸಿ ಅಲ್ಲೇ ಕುಕ್ಕರಗಾಲಲ್ಲಿ ಕುಂತುಬಿಟ್ಟ. ಗಂಡನ ಮುಖ ಅಷ್ಟು ಸಣ್ಣದಾದದ್ದನ್ನು ಜಯಕ್ಕ ಹಿಂದೆಂದೂ ಕಂಡಿರಲಿಲ್ಲ.

ರಂಗೇಶ್ ಕಲ್ಲೇಶನಿಗೆ ವಿಡಿಯೋ ಕಾಲ್ ಮಾಡಿದ. "ಸ್ಕ್ರೂ ಬಿಗಿ ಮಾಡ್ಕ ಅಂತ ಅವತ್ತೇ ಬಡ್ಕಂಡ್ನಲ್ಲೋ" ಎಂದು ಕಲ್ಲೇಶ್ ಫೋನಿನಲ್ಲೇ ಬೈದ. ಬಜ್ಜಿಯ ಬಾಣಲೆ ನೆನಪಾಗಿ ರಂಗೇಶ್ ತಲೆ ಕೆರೆದುಕೊಂಡ. ಕಪ್ಪಾಗಿದ್ದ ವೈರಿನ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಒಳಗಿಟ್ಟು ಸ್ಕ್ರೂ ಬಿಗಿದ. ಎಂಸಿಬಿ ಕೂರುವ ಪಟ್ಟಿಯನ್ನೂ ಬಿಗಿದ. "ಎಳೆದು ನೋಡು, ಬರಬಾರದು" ಎಂದ ಕಲ್ಲೇಶ್. ಎಳೆದ, ಬರಲಿಲ್ಲ. "ಈಗ ದೊಡ್ಡ ಲೋಡು ಹಾಕಿ ನೋಡು. ಒಲೆ ಹಚ್ಚು."

ಒಲೆ ಗಾಡಿಯ ತಲೆಯ ಮೇಲಿತ್ತು. ರಂಗೇಶ್ ಹೆಂಡತಿಯ ಕಡೆ ನೋಡದೆ ಏಣಿ ಹತ್ತಿದ, ತಾನೇ ಹಾಕಿದ್ದ ಗಂಟು ಬಿಚ್ಚಲಾರದೆ ಪೇಚಾಡಿ, ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿ ಒಲೆ ಇಳಿಸಿದ. ಒಲೆಯನ್ನು ಕಟ್ಟೆಯ ಮೇಲಿಟ್ಟು, ಹೋಗಿ ಹೊಲದ ಪ್ಲಗ್ ಮತ್ತೆ ಸಿಕ್ಕಿಸಿ ಬಂದ. ಹಚ್ಚು ಎಂದು ಹೆಂಡತಿಯನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಆಗ ಚಿತ್ತಯ್ಯ ಎದ್ದ. ಮಾನಸ ತನ್ನ ಕೆಲಸ ಬಂತೆಂದು ಮುಂದೆ ಬಂದಳು. ಅವನು ಅವಳ ತಲೆ ಸವರಿ ಪಕ್ಕಕ್ಕೆ ಸರಿಸಿ ಬೇವಿನ ಮರದ ಹತ್ತಿರ ಹೋದ.

"ಮೀನಾಕ್ಷೀ."

ಮೀನಾಕ್ಷಿ ಗಾಬರಿಯಾಗಿ ಸೆರಗು ಹೊದ್ದು ಎದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಬಾಯಲ್ಲಿ ತನ್ನ ಹೆಸರು ಕೇಳಿದವಳಲ್ಲ.

"ತಪ್ಪು ನಂದವ್ವ. ನಿನ್ನ ಒಲೆದಲ್ಲ. ಮಗೀನ ಕೈಲಿ ಏನೇನೋ ಹೇಳಿ ಕಳಿಸ್ದೆ. ಇದನ್ನ ನಾನೇ ಹೇಳಬೇಕು." ಅವನು ಗಾಡಿಯ ಕಡೆ ಕೈ ತೋರಿದ. "ಒಂದೀಟು ಟೀ ಕಾಸವ್ವ. ಆಮೇಲೂ ಹೋಗ್ತೀನಿ ಅಂದ್ರೆ ಬ್ಯಾಗು ನಾನು ಹೊತ್ಕಂಡು ಬರ್ತೀನಿ."

ಮೀನಾಕ್ಷಿ ಬ್ಯಾಗನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿದಳು. ಒಲೆ ಹಚ್ಚಿದಳು, ನೀರಿಟ್ಟಳು, ಟೀಪುಡಿ ಹಾಕಿದಳು. "ಮಾನಸ, ನಿಮ್ಮ ತಾತನ್ನ ಕೇಳು..." ಎಂದು ಶುರು ಮಾಡಿ ನಿಲ್ಲಿಸಿದಳು. ಬಾಗಿಲಿಂದ ತಲೆ ಹೊರಗೆ ಹಾಕಿದಳು.

"ಬೆಲ್ಲ ಹಾಕ್ಲಾ ಮಾವ, ಸಕ್ಕರೆನಾ?"

"ಬೆಲ್ಲನೇ ಹಾಕವ್ವ" ಎಂದ ಚಿತ್ತಯ್ಯ. "ಇಷ್ಟು ವರ್ಷ ಸಕ್ಕರೆ ಕುಡ್ದು ಸಾಕಾಗೈತೆ."

"ಒಂದು ದಿನಾನೂ ಹೇಳಲಿಲ್ಲ ನೀವು!"

"ಯಾರ ಕೈಲಿ ಹೇಳಿ ಕಳಿಸ್ಲಿ?"

ಮೊದಲು ನಕ್ಕದ್ದು ಮಾನಸ. ಟೀ ಉಕ್ಕಿತು, ಎಂಸಿಬಿ ಬೀಳಲಿಲ್ಲ. ರಂಗೇಶ್ ಮುಟ್ಟಿ ನೋಡಿ "ತಣ್ಣಗೈತೆ" ಎಂದ, ಹೋಗಿ ಹೆಂಡತಿಯ ಬ್ಯಾಗು ತಂದು ಮಂಚದ ಕೆಳಗೆ ತಳ್ಳಿದ.

ಹೊರಡುವಾಗ ಕುರಿಯನ್ನು ಪಾಲಣ್ಣನಿಗೆ ಒಪ್ಪಿಸಿ ಚಿತ್ತಯ್ಯ ಹಿಂಬಾಗಿಲಿಂದ ಗಾಡಿ ಹತ್ತಿದ. ಚಪ್ಪಲಿ ಕೈಯಲ್ಲಿ ಹಿಡಿದಿದ್ದ. ಹೆಂಡತಿಯ ಕಾಲ ಹತ್ತಿರ ಮಂಚದ ತುದಿಯಲ್ಲಿ ಕುಂತ.

"ಟಿಕೀಟು?" ಎಂದಳು ಜಯಕ್ಕ.

"ಸದ್ದು ಬರ್ತೈತೋ ಇಲ್ವೋ ಕೇಳಾಣ ಅಂತ ಬಂದೆ" ಎಂದು ಅವನು ಡಬ್ಬಿಯ ಕಡೆ ಕಿವಿಗೊಟ್ಟ.

ಗಾಡಿ ಹೊರಟಿತು. ಜಯಕ್ಕ ಕಣ್ಣು ಮುಚ್ಚಿದಳು. ಫ್ಯಾನಿಲ್ಲದಿದ್ದರೂ ಗಾಳಿ ಬರುತ್ತಿತ್ತು, ಗಂಡನ ಕಂಬಳಿಯ ವಾಸನೆ ಬರುತ್ತಿತ್ತು. ಬಬ್ಬೂರಿನ ತಿರುವಿನಲ್ಲಿ ಗಾಡಿ ನಿಧಾನವಾಯಿತು.

"ಇಲ್ಲಿ ನಿಲ್ಲಿಸ್ರಿ" ಎಂಬ ಸೊಸೆಯ ದನಿ ಕೇಳಿ ಅವಳ ಎದೆ ಒಂದು ಸಲ ಹಾರಿತು. "ಅಪ್ಪನ ಮನೇಲಿ ಎಲ್ರೂ ಉಂಡ್ಕಂಡು ಹೋಗಾಣ. ಅತ್ತೇನ ಎಬ್ಬಿಸ್ರಿ ಮಾವ."

ಗಾಡಿ ನಿಂತಿತು, ಎಂಜಿನ್ನೂ ನಿಂತಿತು. ಚಿತ್ತಯ್ಯ ಪಿಸುದನಿಯಲ್ಲಿ ಹೇಳಿದ, "ಶ್, ತಡಿಯವ್ವ ಮೀನಾಕ್ಷಿ. ಪಾಪ, ಈಗ ನಿದ್ದೆ ಹತ್ತೈತೆ."

ಒಲೆಯ ಕಟ್ಟೆಯ ಹತ್ತಿರ ಸೊಸೆ ಕುಂತಳು. ಮಗನೂ ಮೊಮ್ಮಗಳೂ ಸದ್ದು ಮಾಡದೆ ಕುಂತರು. ಜಯಕ್ಕನಿಗೆ ಪೂರ್ತಿ ಎಚ್ಚರವಿತ್ತು. ಆದರೂ ಅವಳು ಕಣ್ಣು ತೆರೆಯಲಿಲ್ಲ, ಅವರೆಲ್ಲ ಇನ್ನಷ್ಟು ಹೊತ್ತು ಹಾಗೇ ಕುಂತಿರಲಿ ಎಂದು ಮಗ್ಗುಲೂ ಬದಲಿಸದೆ ಮಲಗಿದಳು.